ಹೊರಕ್ಕೆ ಕೊಟ್ಟ ವಾಟ

ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಊರಿಗೆ ಊರೇ ಹೊಸ ಲೈಬ್ರರಿಗೆ ಹೋಯಿತು. ಓದುವುದಕ್ಕಲ್ಲ. ಬಾಗಿಲು ತೆರೆದು ಎಂಟು ತಿಂಗಳಾದರೂ ಆ ಕಡೆ ತಲೆ ಹಾಕದವರು ಕೂಡ ಅವತ್ತು ಕೆಲಸ ಬಿಟ್ಟು ಬಂದರು. ಸೋರುತ್ತಿದೆ ಅನ್ನುವ ಸುದ್ದಿ ಅಷ್ಟು ಬೇಗ ಬಾಯಿಂದ ಬಾಯಿಗೆ ಹಾರಿತ್ತು.

ಮೇಸ್ತ್ರಿಯೂ ಹೋದ. ಅರವತ್ತೆಂಟು ದಾಟಿದ ಮನುಷ್ಯ, ಐವತ್ತಕ್ಕೂ ಹೆಚ್ಚು ವರ್ಷ ಗಾರೆ ಕೆಲಸ ಮಾಡಿದವನು. ಆ ಲೈಬ್ರರಿಯ ತಾರಸಿಯೇ ಅವನ ಕೊನೆಯ ಕೆಲಸ. ಅದು ಮುಗಿದ ದಿನ ಕರಣೆ, ರಸಮಟ್ಟ, ನೂಲಿನುಂಡೆ ಎಲ್ಲ ತೊಳೆದು ಒರೆಸಿ ಅಳಿಯನ ಕೈಗೆ ಕೊಟ್ಟು, ಇನ್ನು ನೀನುಂಟು ನಿನ್ನ ಆಳುಗಳುಂಟು ಅಂದಿದ್ದ. ಅವನು ಹಾಕಿದ ತಾರಸಿ ಅಷ್ಟು ವರ್ಷದಲ್ಲಿ ಒಂದೂ ಸೋರಿರಲಿಲ್ಲ. ಮನೆ ಮಾರುವವರು, ಗಾಳಿ ಚೆನ್ನಾಗಿದೆ, ನೀರಿಗೆ ತೊಂದರೆ ಇಲ್ಲ ಅನ್ನುವುದರ ಜೊತೆಗೆ "ತಾರಸಿ ಮೇಸ್ತ್ರಿದು" ಅಂತಲೂ ಸೇರಿಸುತ್ತಿದ್ದರು.

ಲೈಬ್ರರಿ ಇದ್ದದ್ದು ನಾಲ್ಕು ರಸ್ತೆ ಕೂಡುವ ಕಡೆ. ದುಂಡಗಿನ ಕಟ್ಟಡ. ಸುತ್ತ ನೆಲದಿಂದ ಮೇಲಿನವರೆಗೂ ಗಾಜು. ಒಳಗೆ ನಟ್ಟನಡುವೆ, ಇಬ್ಬರು ಕೈ ಜೋಡಿಸಿ ತಬ್ಬಿದರೂ ಸಾಲದಷ್ಟು ದಪ್ಪದ ಒಂದೇ ಒಂದು ಕಂಬ. ಅದರ ಮೇಲೆ ಅಷ್ಟಗಲದ ತಾರಸಿ, ಯಾರೋ ತಟ್ಟೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ ಹಾಗೆ. ಪೇಪರಿನವರು ಅದನ್ನು ಹೊಗಳಿ ಬರೆದಿದ್ದರು. ದೂರದೂರದವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಊರಿನವರು ಮಾತ್ರ ಅದಕ್ಕೆ "ತಟ್ಟೆ" ಅಂತ ಹೆಸರಿಟ್ಟು ಸುಮ್ಮನಾಗಿದ್ದರು.

ತಟ್ಟೆಯ ಮೇಲೆ ಅವರಿಗೆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಮಧ್ಯಾಹ್ನ ಗಾಜಿನೊಳಗೆ ಬಿಸಿಲು ನುಗ್ಗಿ, ಓದುವವರು ಕೊಡೆ ಬಿಡಿಸಿಕೊಂಡು ಕೂರಬೇಕಿತ್ತು. ಗೋಡೆ ದುಂಡಗೆ, ಕಪಾಟು ನೆಟ್ಟಗೆ, ಎರಡಕ್ಕೂ ಒಗ್ಗಿಬರಲಿಲ್ಲ. ಕಪಾಟಿನ ಹಿಂದೆ ಬಿದ್ದ ಪುಸ್ತಕ ತೆಗೆಯಲು ಸಣ್ಣ ಕೈಯವರನ್ನು ಹುಡುಕಿ ತರಬೇಕು. ಬಾಗಿಲಿಗೆ ಹಿಡಿಯಿಲ್ಲ. ಯಾವುದು ಬಾಗಿಲು ಯಾವುದು ಗೋಡೆ ಗೊತ್ತಾಗದೆ ದರ್ಜಿಯ ತಾಯಿ ಗಾಜಿಗೆ ಮುಖ ಕೊಟ್ಟು ಮೂಗು ಜಜ್ಜಿಕೊಂಡಿದ್ದಳು. ಇನ್ನು, ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೂತವರಿಗೆ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಾಗಾಗಿ ಒಂದು ಹುಡುಗಿಯ ಮದುವೆ ಮಾತು ಅವಳ ಅಪ್ಪನಿಗಿಂತ ಮೊದಲು ಪೇಪರು ಓದುವ ಮುದುಕರಿಗೆ ಗೊತ್ತಾಗಿಹೋಗಿತ್ತು.

"ತಟ್ಟೆ ತುಂಬಿ ಚೆಲ್ತಾ ಇದೆ ನೋಡ್ರಪ್ಪಾ!" ಅಂದ ದರ್ಜಿ. ಕತ್ತಿಗೆ ಅಳತೆ ಪಟ್ಟಿ ಹಾಕಿಕೊಂಡೇ ಓಡಿ ಬಂದಿದ್ದ.

"ಅಲ್ರೀ, ತಾರಸಿ ಅಂದ್ರೆ ನಡು ಎತ್ತರ ಇರ್ಬೇಕು, ಸುತ್ತ ತಗ್ಗಿರ್ಬೇಕು. ನಕ್ಷೆ ಬರೆದ ಆಯಮ್ಮ ತಲೆಕೆಳಗು ಮಾಡಿಟ್ಟಿದ್ದಾಳೆ," ಅಂದರು ಇನ್ನೊಬ್ಬರು.

"ಅವಳಿಗೇನು, ಫೋಟೋ ಚೆನ್ನಾಗಿ ಬಂದ್ರೆ ಆಯ್ತು. ಫೋಟೋ ನೆನೆಯಲ್ವಲ್ಲ."

ಎಲ್ಲರೂ ನಕ್ಕರು. ದರ್ಜಿ ಮೇಸ್ತ್ರಿಯನ್ನು ಕಂಡು ದಾರಿ ಬಿಟ್ಟ. "ಬನ್ನಿ ಮೇಸ್ತ್ರಿ, ಬನ್ನಿ. ನಿಮ್ಮ ಕೆಲಸಕ್ಕೆ ನಾವು ಹೆಸರಿಡೋರಲ್ಲ. ನಿಮ್ಮ ಕೈ ನಮಗೆ ಗೊತ್ತಿಲ್ವಾ? ನಕ್ಷೆನೇ ಸೊಟ್ಟಗಿದ್ರೆ ಕರಣೆ ಏನು ಮಾಡುತ್ತೆ ಪಾಪ."

ಮೇಸ್ತ್ರಿ ಒಳಗೆ ಹೋದ. ಲೈಬ್ರೇರಿಯನ್ ಪ್ಯಾಂಟು ಮಡಿಸಿಕೊಂಡು ನೀರು ಗುಡಿಸುತ್ತಿದ್ದ. ಸಿಕ್ಕ ಸಿಕ್ಕಲ್ಲಿ ಬಕೆಟು, ಬೇಸಿನ್ನು, ಕೊನೆಗೆ ಕಸದ ಬುಟ್ಟಿಯನ್ನೂ ಇಟ್ಟಿದ್ದ. ಸಿಕ್ಕ ಸಿಕ್ಕಲ್ಲಿ ಅನ್ನುವುದು ಬೇರೆಯವರ ಕಣ್ಣಿಗೆ. ಮೇಸ್ತ್ರಿಯ ಕಣ್ಣಿಗೆ ಅವೆಲ್ಲ ಒಂದೇ ಸಾಲಿನಲ್ಲಿದ್ದವು, ಗಾಜಿನ ಗೋಡೆಯ ಉದ್ದಕ್ಕೂ. ಅವನು ನಿಧಾನವಾಗಿ ಒಂದು ಸುತ್ತು ಬಂದ. ಆಮೇಲೆ ನಡುವಿನ ಕಂಬಕ್ಕೆ ಹೋಗಿ ಅಂಗೈ ಇಟ್ಟ. ಕಂಬ ಒಣಗಿ ಬೂದಿಯ ಹಾಗಿತ್ತು.

ನಕ್ಷೆಯ ಪ್ರಕಾರ ಮಳೆ ನೀರೆಲ್ಲ ನಡುವಿಗೆ ಬಂದು ಕಂಬದೊಳಗೆ ಇಳಿಯಬೇಕು. ತಪ್ಪು ನಕ್ಷೆಯದಾಗಿದ್ದರೆ ಸೋರಿಕೆ ಕಂಬದ ಸುತ್ತ ಇರಬೇಕಿತ್ತು. ನೀರು ಅಂಚಿಗೆ ಹೋಗಿದೆ. ಅಂಚಿಗೆ ಹೋಗು ಅಂತ ಅದಕ್ಕೆ ಹೇಳಿದವನು ತಾನು.

ತಾರಸಿಯ ಮೇಲೆ ನೀರು ನಿಲ್ಲದೆ ಹರಿಯಲಿ ಅಂತ ಕೊಡುವ ಸಣ್ಣ ಇಳಿಜಾರಿಗೆ ಗಾರೆಯವರು ವಾಟ ಅನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಮೇಸ್ತ್ರಿ ಹದಿನೈದರ ವಯಸ್ಸಿನಲ್ಲಿ ಕೆಲಸಕ್ಕೆ ನಿಂತಾಗ ಅವನ ಸೋದರಮಾವ ಮೊದಲು ಕಲಿಸಿದ್ದೇ ಅದು: ನೀರನ್ನು ಮನೆಯಿಂದ ಹೊರಕ್ಕೆ ಕಳಿಸು. ವಾಟ ಯಾವಾಗಲೂ ಹೊರಕ್ಕೆ.

ತಟ್ಟೆಗೆ ನಕ್ಷೆ ಬರೆದವಳು ಅವನ ಮಗಳ ವಾರಗೆಯ ಹೆಣ್ಣುಮಗಳು. ಆಳುಗಳು ಅವಳಿಗೆ ನಕ್ಷೆಯಮ್ಮ ಅನ್ನುತ್ತಿದ್ದರು. ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಿಂತು ಕೆಲಸ ನೋಡುತ್ತಿದ್ದಳು. ಆಳುಗಳ ಜೊತೆ ಅವರ ಲೋಟದಲ್ಲೇ ಟೀ ಕುಡಿಯುತ್ತಿದ್ದಳು. ತಾರಸಿಯ ಕಾಂಕ್ರೀಟು ಬಿದ್ದು ಗಟ್ಟಿಯಾದ ಮೇಲೆ, ಮೇಲಿನ ಪದರದ ಗಾರೆ ಹಾಕುವ ಮೊದಲು, ಮೇಸ್ತ್ರಿಯನ್ನು ಕರೆದು ನಕ್ಷೆ ಹರಡಿ, "ಮೇಸ್ತ್ರಿ, ವಾಟ ಒಳಕ್ಕೆ. ಅಂಚಿನಿಂದ ಕಂಬದ ಕಡೆಗೆ, ನಾಲ್ಕು ಬೆರಳು. ಸರೀನಾ?" ಅಂದಿದ್ದಳು.

"ಆಯ್ತಮ್ಮ," ಅಂದಿದ್ದ ಮೇಸ್ತ್ರಿ.

ಅಂದದ್ದೇನೋ ಅಂದ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಮಳೆ ನೀರನ್ನು ಕೈ ಹಿಡಿದು ಮನೆಯ ನಡುಮನೆಗೆ ಕರೆಯುವುದುಂಟೇ? ಒಂದು ಎಲೆ ಸಿಕ್ಕಿಕೊಂಡರೆ ಆ ಕಂಬದ ಬಾಯಿ ಕಟ್ಟಿಕೊಳ್ಳುತ್ತದೆ, ಪುಸ್ತಕವೆಲ್ಲ ತೇಲುತ್ತದೆ. ಪಾಪ, ಓದಿದ ಮಗು, ಕಾಗದದ ಮೇಲೆ ಎಲ್ಲೋ ಬಾಣದ ಗುರುತು ತಿರುವುಮುರುವಾಗಿದೆ. ಆಳುಗಳ ಎದುರು ಹೇಳಿದರೆ ಅವಳ ಮುಖ ಎಲ್ಲಿಡಬೇಕು? ಅಷ್ಟರಲ್ಲಿ ಅವಳ ತಂದೆಗೆ ಕಾಯಿಲೆ ಜೋರಾಗಿ ಅವಳು ಆಸ್ಪತ್ರೆಗೆ ಓಡಬೇಕಾಯಿತು, ಎರಡು ತಿಂಗಳು ಈ ಕಡೆ ಬರಲಿಲ್ಲ. ಮೇಸ್ತ್ರಿ ಯಾರಿಗೂ ಹೇಳದೆ, ಮಗಳ ಸೆರಗು ಸರಿಮಾಡುವ ಹಾಗೆ, ಅವಳ ತಪ್ಪನ್ನು ಸರಿಮಾಡಿದ. ವಾಟ ಹೊರಕ್ಕೆ ಕೊಟ್ಟ. ತಾರಸಿಯ ಅಂಚಿನಲ್ಲಿ ಮೂರು ಬೆರಳೆತ್ತರದ ಕಟ್ಟೆಯಿತ್ತು. ನೀರು ಆಚೆಗೆ ಬೀಳಲಿ ಅಂತ ಅದರಲ್ಲಿ ಎಂಟು ತೂತು ಬಿಟ್ಟ. ಆಮೇಲೆ ಬಂದ ಬಣ್ಣದವರು ನಕ್ಷೆಯಲ್ಲಿ ತೂತಿಲ್ಲ ಅಂತ ಅವನ್ನು ಮುಚ್ಚಿಬಿಟ್ಟರು. ಅದರ ಮೇಲೆ ಬಿಳಿ ಟೈಲ್ಸು ಬಂತು. ಈಗ ಮಳೆ ನೀರು ಅಂಚಿಗೆ ಹೋಗುತ್ತದೆ, ಕಟ್ಟೆಯ ಹಿಂದೆ ನಿಲ್ಲುತ್ತದೆ, ಗಾಜು ಕೂತ ಸಂದಿನಿಂದ ಒಳಗೆ ಇಳಿಯುತ್ತದೆ.

ಮನೆಗೆ ಬಂದು ಅವನು ಚಪ್ಪಲಿ ಕೂಡ ಬಿಡದೆ ಕೂತುಬಿಟ್ಟ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು.

"ಏನ್ರೀ, ಯಾರಾದ್ರೂ ಹೋದ್ರಾ?"

"ಯಾರೂ ಹೋಗಿಲ್ಲ." ಚಪ್ಪಲಿ ಕಳಚಿ ಬದಿಗಿಟ್ಟು ಎಲ್ಲ ಹೇಳಿದ.

ಅವಳು ಕೈ ಒರೆಸಿಕೊಳ್ಳುತ್ತಾ ಕೇಳಿದಳು. "ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ, ನಾನು ಉಪ್ಪು ಹಾಕಿದ್ದೀನಿ ಅಂದ್ರೂ ನೀವು ಇನ್ನೊಂದು ಚಿಟಿಕೆ ಹಾಕೋರೇ. ಅಡುಗೆ ಆದ್ರೆ ನಾನು ಬಾಯಿ ಮುಚ್ಕೊಂಡು ತಿಂತೀನಿ. ಅವಳು ಏನು ಮಾಡ್ಬೇಕು?"

ಅಳಿಯ ಸಂಜೆ ಬಂದ. ಮೇಸ್ತ್ರಿಯ ಕೈಕೆಳಗೇ ಕೆಲಸ ಕಲಿತು, ಅವನ ಮಗಳನ್ನೇ ಮದುವೆಯಾದವನು, ಕೆಟ್ಟವನೇನಲ್ಲ. ಮಾವನ ಮಾತು ಮುಗಿಯುವ ಮೊದಲೇ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದ.

"ಮಾವ, ಇದನ್ನ ಇನ್ನು ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

"ತಪ್ಪು ನಂದಲ್ವೇನೋ?"

"ಇರ್ಬಹುದು. ಹದಿನಾಲ್ಕು ಜನ ಆಳು ನನ್ನ ನಂಬ್ಕೊಂಡಿದ್ದಾರೆ. ನಾಳೆ ಮೇಸ್ತ್ರಿ ತಾರಸಿ ಸೋರಿತು ಅಂತ ಮಾತು ಹುಟ್ಟಿದ್ರೆ ನಮ್ಮನ್ನ ಹಂದಿಗೂಡು ಕಟ್ಟೋಕೂ ಕರೆಯಲ್ಲ. ಆಯಮ್ಮಂಗೆ ಏನು, ಈ ಊರಲ್ಲ ಅಂದ್ರೆ ಇನ್ನೊಂದು ಊರು."

ಇನ್ನೊಂದು ಊರು ಅಷ್ಟು ಸುಲಭವಾಗಿರಲಿಲ್ಲ. ಅದು ಮೇಸ್ತ್ರಿಗೆ ತಿಳಿದದ್ದು ನಾಲ್ಕು ದಿನ ಬಿಟ್ಟು, ನಕ್ಷೆಯಮ್ಮ ತಾನೇ ಮನೆ ಹುಡುಕಿಕೊಂಡು ಬಂದಾಗ. ಟೋಪಿ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮೇಸ್ತ್ರಿಯ ಹೆಂಡತಿ ಕುರ್ಚಿ ಒರೆಸಿ ಕೊಟ್ಟರೂ ಅವಳು ಹೊಸ್ತಿಲ ಹತ್ತಿರ ಚಾಪೆಯ ಮೇಲೇ ಕೂತಳು.

"ಮುಂದಿನ ವಾರ ಸಭೆ ಕರೆದಿದ್ದಾರೆ ಮೇಸ್ತ್ರಿ. ತಟ್ಟೆ ಮೇಲೆ ತಗಡಿನ ಮಾಡು ಹಾಕ್ಬೇಕು ಅಂತ. ಹಾಕಿದ್ರೆ ಹೊಸ ಶಾಲೆ ಕೆಲಸಾನೂ ನನ್ನ ಕೈ ಬಿಡುತ್ತೆ. ಇನ್ನೆಲ್ಲೂ ಯಾರೂ ಕೊಡಲ್ಲ. ಅದಿರಲಿ ಬಿಡಿ." ಅವಳು ಚೀಲದಿಂದ ಕಾಗದದ ಕಟ್ಟು ತೆಗೆದಳು. "ಮೂರು ಸಲ ಲೆಕ್ಕ ಮಾಡಿದೆ. ನನಗೆ ತಪ್ಪು ಸಿಗ್ತಾ ಇಲ್ಲ. ತಾರಸಿಗೆ ಹತ್ತಿ ನೋಡೋಣ ಅಂದ್ರೆ ವಿಚಾರಣೆ ಮುಗಿಯೋವರೆಗೂ ಬೀಗ ಅಂತಾರೆ. ನಿಮ್ಮಷ್ಟು ತಾರಸಿ ನೋಡಿದವರು ಇಲ್ಲಿ ಯಾರಿದ್ದಾರೆ? ನೀವು ಹೇಳಿ. ನಾನು ಎಲ್ಲಿ ತಪ್ಪಿದೆ?"

ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಹೇಳಬೇಕು, ಈಗಲೇ ಹೇಳಬೇಕು ಅಂತ ಬಾಯಿ ತೆರೆದವನು, "ಟೀ ಕುಡೀತೀರಾ ಅಮ್ಮ?" ಅಂದ.

ಅವಳು ಟೀ ಕುಡಿದು, ಕಾಗದ ಮಡಿಚಿಕೊಂಡು, ನಮಸ್ಕಾರ ಮಾಡಿ ಹೋದಳು. ಹೆಂಡತಿ ಬಂದು ಲೋಟ ತೆಗೆದುಕೊಂಡು ಹೋದಳು. ಒಂದು ಮಾತು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೇಸ್ತ್ರಿಗೆ. ಆ ವಾರ ಅವನು ಯಾರ ಮನೆಯ ಮುಂದೆ ಹಾದರೂ ಕತ್ತೆತ್ತಿ ತಾರಸಿ ನೋಡುತ್ತಿದ್ದ. ಇದು ನನ್ನದು, ಇದೂ ನನ್ನದು. ಎಲ್ಲದರ ವಾಟವೂ ಹೊರಕ್ಕೆ. ಎಷ್ಟು ಮನೆಯವರು ಏನು ಹೇಳಿದ್ದರು, ತಾನು ಎಷ್ಟನ್ನು ಕೇಳಿಸಿಕೊಂಡಿದ್ದೆ ಅಂತ ನೆನಪು ಕೆದಕಿದರೆ, ಒಂದೊಂದೇ ಮುಖ ಎದುರಿಗೆ ಬರುತ್ತಿತ್ತು. ಕಿಟಕಿ ಈ ಕಡೆ ಇರಲಿ ಅಂದ ಹೆಂಗಸು. ಮೆಟ್ಟಿಲು ಇನ್ನೊಂಚೂರು ಅಗಲ ಬೇಕು ಅಂದ ಕುಂಟ. ಎಲ್ಲರಿಗೂ "ಆಯ್ತು" ಅಂದಿದ್ದ.

ಸಭೆ ಲೈಬ್ರರಿಯೊಳಗೇ ನಡೆಯಿತು, ಮಧ್ಯಾಹ್ನ ಮೂರಕ್ಕೆ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಇನ್ನೂರು ಜನ, ಅವರಲ್ಲಿ ನೂರು ಜನರ ಕೈಯಲ್ಲಿ ಕೊಡೆ. ಪಂಚಾಯಿತಿ ಅಧ್ಯಕ್ಷರಿಗೆ ಒಬ್ಬ ಜವಾನ ಕೊಡೆ ಹಿಡಿದು ನಿಂತಿದ್ದ. ಒಬ್ಬರ ಕೊಡೆ ಕಡ್ಡಿ ಇನ್ನೊಬ್ಬರ ಕಿವಿಗೆ ಚುಚ್ಚಿ, ಸಭೆ ಶುರುವಾಗುವ ಮೊದಲೇ ಎರಡು ಜಗಳ ಆಗಿತ್ತು.

ದರ್ಜಿ ತನ್ನ ತಾಯಿಯನ್ನು ಎದ್ದು ನಿಲ್ಲಿಸಿ ಮೂಗು ತೋರಿಸಿದ. ಅವಳು "ಬಿಡೋ, ನಾಚ್ಕೆ ಆಗುತ್ತೆ" ಅಂತ ಕೂತಳು. ಬಸ್ ಡ್ರೈವರ್ ಒಬ್ಬ, ತಿರುವಿನಲ್ಲಿ ಗಾಜಿನ ಬೆಳಕು ಕಣ್ಣಿಗೆ ಬಡಿದು ಎರಡು ಸಲ ಲೈಟು ಕಂಬಕ್ಕೆ ಗುದ್ದುವುದು ತಪ್ಪಿತು ಅಂದ. ಶಾಲೆಯ ಮೇಡಂ ಒಬ್ಬರು ಮಾತ್ರ ಎದ್ದು, ಇಷ್ಟು ಚೆಂದದ ಕಟ್ಟಡ ನಮ್ಮೂರಲ್ಲಿ ಇನ್ನೊಂದಿಲ್ಲ, ಮಕ್ಕಳು ಇದನ್ನು ನೋಡೋಕಾದರೂ ಬಂದು ಪುಸ್ತಕ ಮುಟ್ಟುತ್ತಾರೆ ಅಂದರು. "ಒದ್ದೆ ಪುಸ್ತಕಾನಾ ಮೇಡಂ?" ಅಂತ ಹಿಂದಿನಿಂದ ಯಾರೋ ಕೂಗಿದರು.

ನಕ್ಷೆಯಮ್ಮ ಎದ್ದಳು. "ಬಿಸಿಲಿನ ವಿಷಯದಲ್ಲಿ ತಪ್ಪು ನಂದು. ಬಾಗಿಲಿನದೂ ನಂದೇ. ಅಮ್ಮನ ಹತ್ರ ಕ್ಷಮೆ ಕೇಳ್ತೀನಿ. ಅವೆರಡನ್ನೂ ಸರಿ ಮಾಡಬಹುದು. ಸೋರೋದು ಎಲ್ಲಿಂದ ಅಂತ ನನಗೆ ಇನ್ನೂ ಗೊತ್ತಾಗಿಲ್ಲ."

"ಕಟ್ಟಿದವಳಿಗೇ ಗೊತ್ತಿಲ್ವಂತೆ ಕಣ್ರಪ್ಪೋ!"

ನಗು ಆ ದುಂಡು ಗೋಡೆಗೆ ಬಡಿದು ಎರಡರಷ್ಟಾಗಿ ತಿರುಗಿ ಬಂತು. ಅವಳು ನಿಂತೇ ಇದ್ದಳು, ಕಾಗದದ ಕಟ್ಟು ಎದೆಗವಚಿಕೊಂಡು. ಮೇಸ್ತ್ರಿ ಎದ್ದ. ಪಕ್ಕದಲ್ಲಿದ್ದ ಅಳಿಯ ಅವನ ಅಂಗಿ ಹಿಡಿದು ಜಗ್ಗಿದ. ಅಂಗಿ ಹಿಗ್ಗಿತು, ಮೇಸ್ತ್ರಿ ಕೂರಲಿಲ್ಲ.

"ನಂಗೆ ಗೊತ್ತು," ಅಂದ. "ತಪ್ಪು ನಂದು. ಅಮ್ಮ ವಾಟ ಒಳಕ್ಕೆ ಕೊಡಿ ಅಂದಿದ್ರು. ನಾನು ಹೊರಕ್ಕೆ ಕೊಟ್ಟೆ. ಅವರು ಹೇಳಿದ ಹಾಗೆ ಮಾಡಿದ್ರೆ ಇದು ಸೋರ್ತಿರಲಿಲ್ಲ."

ಕೊಡೆಗಳೆಲ್ಲ ಅವನ ಕಡೆ ತಿರುಗಿದವು. ಆಮೇಲೆ ದರ್ಜಿ, ಮಗುವಿಗೆ ಹೇಳುವ ದನಿಯಲ್ಲಿ, "ಮೇಸ್ತ್ರಿ, ನಿಮ್ಮ ಮನಸ್ಸು ದೊಡ್ಡದು. ಹೆಣ್ಣುಮಗಳು ಅಳ್ತಾಳೆ ಅಂತ ನಿಮ್ಮ ತಲೆ ಮೇಲೆ ಹಾಕ್ಕೊಳ್ತೀರಾ?" ಅಂದ.

"ಹಾಕ್ಕೊಳ್ತಾ ಇಲ್ಲಪ್ಪ. ನಡೆದದ್ದು ಹೇಳ್ತಾ ಇದ್ದೀನಿ. ಬೇಕಾದ್ರೆ ಮೇಲೆ ಬನ್ನಿ, ಒಂದು ಕೊಡ ನೀರು ಸುರಿದು ತೋರಿಸ್ತೀನಿ."

"ನಿಮ್ಮ ತಾರಸಿ ಕೆಳಗೆ ನಾನು ಇಪ್ಪತ್ತು ವರ್ಷದಿಂದ ಮಲಗ್ತಾ ಇದ್ದೀನಿ. ಒಂದು ಹನಿ ಬಿದ್ದಿಲ್ಲ," ಅಂದರು ಒಬ್ಬರು. "ನೀವು ಹೊರಕ್ಕೆ ಕೊಟ್ಟಿದ್ರೆ ಸರಿಯಾಗೇ ಕೊಟ್ಟಿದ್ದೀರಿ." ಜನ ಚಪ್ಪಾಳೆ ತಟ್ಟಿದರು.

ಅಧ್ಯಕ್ಷರು ಅಳಿಯನ ಕಡೆ ನೋಡಿದರು. "ಏನಪ್ಪಾ ಇದು?"

ಅಳಿಯ ಎದ್ದು ನಿಂತ. ಮಾವನ ಮುಖ ನೋಡಲಿಲ್ಲ. "ಮಾವನಿಗೆ ಈಗೀಗ ಸ್ವಲ್ಪ ಮರೆವು ಸಾರ್. ವಯಸ್ಸಾಯ್ತಲ್ಲ. ಯಾವ ಕೆಲಸದ ಮಾತು ಯಾವುದಕ್ಕೋ ಸೇರಿಸ್ಕೊಳ್ತಾರೆ."

ಮೂವತ್ತು ವರ್ಷದ ಹಿಂದೆ ಯಾವ ಗೋಡೆಗೆ ಯಾವ ಹಳ್ಳದ ಮರಳು ಹಾಕಿದ್ದೆ ಅಂತ ಹೇಳಬಲ್ಲ ಮೇಸ್ತ್ರಿ ಅಳಿಯನ ಕಡೆ ತಿರುಗಿದ. ಸುತ್ತಲಿನವರ ಮುಖದಲ್ಲಿ ಕನಿಕರ ಕಂಡಿತು. ಯಾರೋ ಅವನ ಭುಜ ಹಿಡಿದು ಮೆತ್ತಗೆ ಕೂರಿಸಿದರು. ತಗಡು ಬೇಕು ಅನ್ನೋರು ಕೈ ಎತ್ತಿ ಅಂತ ಅಧ್ಯಕ್ಷರು ಅಂದಾಗ ಕೈಗಳೂ ಕೊಡೆಗಳೂ ಒಟ್ಟಿಗೆ ಎದ್ದವು. ತಗಡು ಅಂತ ತೀರ್ಮಾನವಾಯಿತು.

ಮಾರನೆಯ ಬೆಳಿಗ್ಗೆ ಲೈಬ್ರೇರಿಯನ್ ತಾನಾಗಿಯೇ ತಾರಸಿಯ ಬೀಗದ ಕೈ ತಂದುಕೊಟ್ಟ. "ಯಾರ ತಪ್ಪಾದ್ರೂ ಆಗಲಿ ಮೇಸ್ತ್ರಿ, ನನ್ನ ಪುಸ್ತಕ ಒಣಗಿರಬೇಕು. ಹತ್ತಿ ನೋಡಿ." ನಕ್ಷೆಯಮ್ಮನಿಗೂ ಅವನೇ ಹೇಳಿ ಕಳಿಸಿದ್ದ. ಮೇಲೆ ಇಬ್ಬರೇ. ಮೇಸ್ತ್ರಿ ಕಂಬದ ಬಾಯಿಯ ಹತ್ತಿರ ಕೊಡ ಬಗ್ಗಿಸಿದ. ನೀರು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಬಿಳಿ ಟೈಲ್ಸಿನ ಮೇಲೆ ಸಲೀಸಾಗಿ ಅಂಚಿನ ಕಡೆ ಹರಿದು ಹೋಯಿತು.

ಅವಳು ಅದನ್ನು ಕೊನೆಯವರೆಗೂ ನೋಡಿದಳು. "ಎಷ್ಟು ಕೊಟ್ರಿ?"

"ನಾಲ್ಕು ಬೆರಳು. ನೀವು ಹೇಳಿದಷ್ಟೇ. ದಿಕ್ಕು ಮಾತ್ರ..."

"ನಾನು ಎರಡು ವಾರ ನಿದ್ದೆ ಮಾಡಿಲ್ಲ ಮೇಸ್ತ್ರಿ. ನನಗೆ ಓದಿದ್ದೇ ಸರಿಯಾಗಿ ಬಂದಿಲ್ವೇನೋ ಅಂತ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸಮಾಧಾನ ಆಗುತ್ತಿತ್ತು. "ಯಾಕೆ ಒಂದು ಮಾತು ಕೇಳಲಿಲ್ಲ?"

"ನಿಮಗೆ ನಾಚಿಕೆ ಆಗ್ಬಾರ್ದು ಅಂತ. ನಿಮ್ಮ ಕೈ ತಪ್ಪಿದೆ ಅಂದ್ಕೊಂಡೆ."

"ನಾನು ಸರಿ ಇರಬಹುದು ಅಂತ ಅನ್ನಿಸ್ಲೇ ಇಲ್ವಾ? ಒಂದು ಸಲಾನೂ?"

ಮೇಸ್ತ್ರಿ ಸುಳ್ಳು ಹೇಳಬಹುದಿತ್ತು. "ಇಲ್ಲಮ್ಮ," ಅಂದ.

ಅವಳು ಬೆನ್ನು ತಿರುಗಿಸಿ, ಕಂಬದ ಬಾಯಿಂದ ಅಂಚಿನವರೆಗೆ ಹೆಜ್ಜೆ ಎಣಿಸುತ್ತಾ ಹೋಗಿ ಬಂದಳು. ಕೊನೆಗೆ, "ತಗಡು ಬರೋಕೆ ಹನ್ನೊಂದು ದಿನ ಇದೆ. ಎಷ್ಟು ಮಾಡೋಕಾಗುತ್ತೆ?" ಅಂದಳು.

ಪೂರ್ತಿ ಆಗುವ ಮಾತಾಗಿರಲಿಲ್ಲ. ಕಂಬದಿಂದ ಅಂಚಿನವರೆಗೆ ಹಣ್ಣಿನ ಹೋಳಿನ ಹಾಗೆ ಒಂದು ತುಂಡು ಆರಿಸಿಕೊಂಡರು. ಮೇಸ್ತ್ರಿ ಟೈಲ್ಸು ಎಬ್ಬಿಸಿದ, ತನ್ನ ಗಾರೆಯನ್ನು ತಾನೇ ಉಳಿಯಿಂದ ಒಡೆದ. ಗಾರೆ ಒಳ್ಳೆಯ ಗಾರೆ. ಸುಲಭಕ್ಕೆ ಬಿಡಲಿಲ್ಲ. ಮಂಡಿ ಊರಿ ಊರಿ ಊದಿಕೊಂಡಿತು. ಅವಳು ನೂಲಿನ ಇನ್ನೊಂದು ತುದಿ ಹಿಡಿದು ಮಟ್ಟ ನೋಡುತ್ತಿದ್ದಳು. ಬೇಕಾದಷ್ಟೇ ಮಾತು, ಹೆಚ್ಚಿಗೆ ಒಂದಿಲ್ಲ. ಐದನೆಯ ದಿನ ತಗಡಿಗೆ ಅಳತೆ ತೆಗೆಯಲು ಅಳಿಯ ಹತ್ತಿ ಬಂದ. ಆ ಕೆಲಸ ಅವನಿಗೇ ಸಿಕ್ಕಿತ್ತು.

"ಮಾವ! ಇದೇನು ಮಾಡ್ತಾ ಇದ್ದೀರಿ? ಯಾರನ್ನ ಕೇಳಿ ಒಡೆದ್ರಿ?"

"ನಂಗೆ ಮರೆವಲ್ವೇನೋ. ಕೇಳಿದ್ನೋ ಇಲ್ವೋ, ನೆನಪಿಲ್ಲ."

ಅಳಿಯನ ಮುಖ ಸಣ್ಣಗಾಯಿತು. ಟೇಪು ಬಿಚ್ಚಿದವನು ಹಾಗೇ ಸುತ್ತಿಕೊಂಡು ಇಳಿದು ಹೋದ. ಅಧ್ಯಕ್ಷರಿಗೆ ಹೇಳುತ್ತಾನೆ ಅಂದುಕೊಂಡ ಮೇಸ್ತ್ರಿ. ಹೇಳಲಿಲ್ಲ. ಸಂಜೆ ಒಂದು ಮೂಟೆ ಸಿಮೆಂಟು ಮೆಟ್ಟಿಲ ಬುಡದಲ್ಲಿತ್ತು. ಯಾರು ಇಟ್ಟರು ಅಂತ ಯಾರೂ ಕೇಳಲಿಲ್ಲ.

ಒಂಬತ್ತನೆಯ ದಿನ ಮಳೆ ಬಂತು. ಲೈಬ್ರೇರಿಯನ್ ಬಕೆಟುಗಳನ್ನು ಸಾಲಾಗಿ ಇಟ್ಟ. ಸುತ್ತಲೂ ತೊಟ್ಟಿಕ್ಕಿತು. ಆ ಹೋಳಿನ ಕೆಳಗೆ ಮಾತ್ರ, ಹನ್ನೆರಡು ಹೆಜ್ಜೆಯಷ್ಟು ಗಾಜು, ಒಣಗಿಯೇ ಇತ್ತು. ಕಂಬದೊಳಗೆ ಮೊದಲ ಸಲ ನೀರು ಇಳಿಯುವ ಸದ್ದು ಕೇಳಿಸಿತು, ಯಾರೋ ಗಟಗಟ ಕುಡಿದ ಹಾಗೆ. ಮೇಸ್ತ್ರಿ ನೆನೆದುಕೊಂಡೇ ಓಡಿ ಅಧ್ಯಕ್ಷರನ್ನೂ ದರ್ಜಿಯನ್ನೂ ಕರೆತಂದ.

ಅವರು ನೋಡಿದರು. ದರ್ಜಿ ನೆಲ ಮುಟ್ಟಿಯೂ ನೋಡಿದ. "ಇವತ್ತು ಗಾಳಿ ಈ ಕಡೆಯಿಂದ ಬೀಸಿಲ್ಲ ಮೇಸ್ತ್ರಿ. ಅದಕ್ಕೆ," ಅಂದ.

"ತಗಡಿಗೆ ಆಗಲೇ ಹೇಳಾಗಿದೆ," ಅಂದರು ಅಧ್ಯಕ್ಷರು.

ತಗಡು ಬಂತು. ಹಸಿರು ಬಣ್ಣದ್ದು, ಕಬ್ಬಿಣದ ಕಾಲುಗಳ ಮೇಲೆ, ತಟ್ಟೆಯ ಮೇಲೆ ಕವುಚಿದ ಗುಡಿಸಲಿನ ಹಾಗೆ. ಬಿಸಿಲು ಕಡಿಮೆಯಾಯಿತು, ಅದು ನಿಜ. ಸೋರುವುದೂ ನಿಂತಿತು. ಫೋಟೋದವರು ಬರುವುದೂ ನಿಂತಿತು. ಶಾಲೆಯ ನಕ್ಷೆ ಬೇರೆಯವರಿಗೆ ಹೋಯಿತು. ನಕ್ಷೆಯಮ್ಮ ಊರು ಬಿಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಮೇಸ್ತ್ರಿ ಸಿಕ್ಕಾಗ, "ಸೋರದೇ ಇದ್ದಿದ್ರೂ ಅವರಿಗೆ ಇದು ಬೇಡವಾಗಿತ್ತು ಮೇಸ್ತ್ರಿ," ಅಂದಳು. ಅವನನ್ನು ಬಿಡುಗಡೆ ಮಾಡುವುದಕ್ಕೆ ಅಂದಳೋ, ತನ್ನನ್ನೇ ಸಮಾಧಾನ ಮಾಡಿಕೊಳ್ಳುವುದಕ್ಕೋ, ಅವನಿಗೆ ತಿಳಿಯಲಿಲ್ಲ. ಬಿಡುಗಡೆಯಂತೂ ಆಗಲಿಲ್ಲ.

ತಗಡಿನಿಂದ ಹೊಸ ತೊಂದರೆ ಶುರುವಾಯಿತು. ಮಳೆ ಬಂದರೆ ತಗಡಿನ ಸದ್ದು ಕೆಳಗಿನ ದುಂಡು ಕೋಣೆಯೊಳಗೆ ಸುತ್ತಿ ಸುತ್ತಿ, ಎದುರು ಕೂತವರ ಮಾತೂ ಕೇಳದಷ್ಟಾಗುತ್ತಿತ್ತು. ಹೊಸಬರು ಬಂದರೆ ಕಿವಿ ಮುಚ್ಚಿಕೊಂಡು, ಎಂಥ ಹೆಂಗಸಪ್ಪ, ಇದನ್ನು ಕಟ್ಟಿದವಳಿಗೆ ತಲೆ ಇದೆಯಾ ಅನ್ನುತ್ತಿದ್ದರು. ಮೇಸ್ತ್ರಿ ಈಗ ದಿನವೂ ಅಲ್ಲಿ ಹೋಗಿ ಕೂರುತ್ತಾನೆ. ಪೇಪರು ತಿರುವುತ್ತಾನೆ, ಅಕ್ಷರ ಕೂಡಿಸಿ ಕೂಡಿಸಿ ಒಂದೆರಡು ಸಾಲು ಓದುತ್ತಾನೆ. ಯಾರಾದರೂ ಹಾಗೆ ಅಂದರೆ, "ಆಯಮ್ಮ ಅಲ್ಲಪ್ಪ, ನಾನು" ಅಂತ ಶುರು ಮಾಡುತ್ತಾನೆ. ಕೆಲವರು ಕೇಳುತ್ತಾರೆ, ಕೆಲವರು ಲೈಬ್ರೇರಿಯನ್ ಕಡೆ ನೋಡಿ ಕಣ್ಣು ಮಿಟುಕಿಸುತ್ತಾರೆ.

ಮೊನ್ನೆ ಪರವೂರಿನಿಂದ ಯಾರೋ ಒಬ್ಬ ಬಂದು ಎದುರು ಕೂತಿದ್ದ. ಮಳೆ ಜೋರಾಗಿತ್ತು. ಆತ ಮೇಲೆ ಕೈ ತೋರಿಸಿ, ಹಣೆ ಚಚ್ಚಿಕೊಂಡು ಏನೋ ಅಂದ. ಮೇಸ್ತ್ರಿ ಮುಂದಕ್ಕೆ ಬಾಗಿ ಬಾಯಿ ತೆರೆದ. ತನ್ನ ದನಿ ತನಗೇ ಕೇಳಿಸಲಿಲ್ಲ. ಆತ ಕಿವಿಗೆ ಕೈ ಹಿಡಿದು, ಕೇಳಿಸುತ್ತಿಲ್ಲ ಅನ್ನುವ ಹಾಗೆ ತಲೆಯಾಡಿಸಿದ.

ಮೇಸ್ತ್ರಿ ಅವನ ತೋಳು ಮುಟ್ಟಿ, ಸ್ವಲ್ಪ ತಾಳಿ ಅನ್ನುವ ಹಾಗೆ ಕೈ ತೋರಿಸಿದ. ಮಳೆ ನಿಲ್ಲಲಿ ಅಂತ ಕಾಯುತ್ತಾ ಕೂತ.